ಕತ್ತಲ ಕೋಣೆಯಲ್ಲಿ ತೂಗುಹಾಕಿದ ಕಾಡು

ಫ್ರಾನ್ಸಿಗೆ ಹೋಗಿ ಬಂದೆ ಎಂದ ಕೂಡಲೇ ಜನ ಕೇಳುವುದು ಆ ಕಬ್ಬಿಣದ ಗೋಪುರದ ಬಗ್ಗೆ. ನೋಡಿದೆ ಸ್ವಾಮಿ, ದೂರದಿಂದ, ಬಸ್ಸಿನ ಕಿಟಕಿಯಲ್ಲಿ, ಅದೂ ಅರ್ಧ. ಉಳಿದರ್ಧಕ್ಕೆ ಮುಂದಿನ ಸೀಟಿನವನ ಟೋಪಿ ಅಡ್ಡವಾಗಿತ್ತು. ಗೋಪುರ ನೋಡಲು ಹೋದವರಲ್ಲ ನಾವು. ನನ್ನ ಹೆಂಡತಿ ಜಯಮ್ಮನಿಗೆ ಅಲ್ಲಿಯ ಒಂದು ಹಳೆಯ ನೇಯ್ಗೆಯನ್ನು ನೋಡುವ ಆಸೆಯಿತ್ತು. ಅದನ್ನು ತೋರಿಸಿಕೊಂಡು ಬರಲು ನಾನು ಜೊತೆಗೆ ಹೋಗಿದ್ದೆ. ತೋರಿಸಿದೆನೋ ಇಲ್ಲವೋ ಎನ್ನುವುದಷ್ಟೇ ಈ ಬರಹ. ಹೊಟ್ಟೆ ತುಂಬ ನಗಿಸುವ ಪ್ರವಾಸ ಕಥನ ಬೇಕಾದವರು ಇಲ್ಲಿಗೇ ಪುಟ ತಿರುವಿದರೆ ನನಗೇನೂ ಬೇಸರವಿಲ್ಲ.

ಬಟವಾಡಿ

ನಮ್ಮ ಬಾಡಿಗೆ ಮನೆ ತುಮಕೂರಿನ ಬಟವಾಡಿಯಲ್ಲಿ. ನಾನು ಕುಣಿಗಲ್ ತಾಲ್ಲೂಕಿನ ಹುಲಿಯೂರುದುರ್ಗದವನು, ಹೈಸ್ಕೂಲು ಮೇಷ್ಟ್ರು ಕೆಲಸ ಗುಬ್ಬಿಯಲ್ಲಿ. ಜಯ ಗುಬ್ಬಿಯವಳು, ಅವಳ ಕೆಲಸ ಹಿರೇಹಳ್ಳಿಯಲ್ಲಿ. ಬೆಳಗಾದರೆ ನಾನು ಅವಳ ತವರಿನ ಬಸ್ಸು ಹತ್ತುತ್ತಿದ್ದೆ, ಅವಳು ಅದಕ್ಕೆ ತದ್ವಿರುದ್ಧ ದಿಕ್ಕಿನ ಬಸ್ಸು. "ನಮ್ಮಪ್ಪನ ಮನೇಲಿ ಕಾಫಿ ಕುಡಿಯೋ ಯೋಗ ನಿಮ್ಗೆ, ಮಗ್ಗದ ಗುಂಡೀಲಿ ಕುತ್ಕೊಳ್ಳೋ ಯೋಗ ನಂಗೆ," ಎಂದು ದಿನವೂ ಒಂದು ಸಲ ಚುಚ್ಚದೆ ಅವಳು ಮನೆ ಬಿಡುತ್ತಿರಲಿಲ್ಲ.

ಹಿರೇಹಳ್ಳಿಯ ಕಾರ್ಖಾನೆಗಳ ಸಾಲಿನಲ್ಲಿ ಒಂದು ತಗಡಿನ ಶೆಡ್ಡು. ಅಲ್ಲಿ ಕೆಲವು ಹೆಂಗಸರು ಫ್ರಾನ್ಸಿನ ಒಂದು ಕಂಪನಿಗಾಗಿ ಉಣ್ಣೆಯಲ್ಲಿ ಕಾಡು ನೇಯುತ್ತಿದ್ದರು. ಟ್ಯಾಪೆಸ್ಟ್ರಿ ಎನ್ನುವುದು ಅದರ ಹೆಸರು. ಎರಡು ಮೂರು ಶತಮಾನಗಳ ಹಿಂದೆ ಆ ದೇಶದ ನೇಕಾರರು ಸಿರಿವಂತರ ಮನೆಗೋಡೆಗಳಿಗೆಂದು ಇಂಥವನ್ನು ನೇಯ್ದು ಕೊಡುತ್ತಿದ್ದರಂತೆ. ಚಳಿಗಾಲದಲ್ಲಿ ಕಲ್ಲುಗೋಡೆ ಕೊರೆಯುವಾಗ ಅದರ ಮೇಲೊಂದು ತುಂಬಿದ ಕಾಡು: ದಟ್ಟವಾದ ಮರಗಳು, ಮೊರದಗಲದ ಎಲೆಗಳು, ಒಂದು ಹೊಳೆ, ಹೊಳೆಯ ದಡದಲ್ಲಿ ಕೊಕ್ಕರೆ, ದೂರದಲ್ಲಿ ಕೋಟೆ. ಈಗ ಅವುಗಳ ನಕಲನ್ನು ಮಾರುವ ಕಂಪನಿ ಆ ನೇಯ್ಗೆಯ ಕೆಲಸವನ್ನು ನಮ್ಮೂರಿಗೆ ಕೊಟ್ಟಿತ್ತು. ಶೆಡ್ಡಿನ ಹೆಂಗಸರು ಅದಕ್ಕೆ ಗೋಡೆ ಕಂಬಳಿ ಎಂದು ಹೆಸರಿಟ್ಟಿದ್ದರು.

ಅಸಲಿ ಹೇಗಿದೆಯೆಂದು ಅವರಲ್ಲಿ ಒಬ್ಬರೂ ನೋಡಿರಲಿಲ್ಲ. ಫ್ರಾನ್ಸಿನಿಂದ ಬರುತ್ತಿದ್ದದ್ದು ಕಪ್ಪು ಗೆರೆಯ ನಕ್ಷೆ. ಎಲೆಯೆಲೆಯ ಮೇಲೂ ಒಂದು ನಂಬರು, ಆ ನಂಬರಿಗೆ ಒಂದು ಬಣ್ಣದ ಉಣ್ಣೆ. ಮರದ ಎಲೆಗೆ ಹಸಿರಿನಲ್ಲೇ ಅದೆಷ್ಟೋ ಬಗೆ. ಜಯ ಅವಕ್ಕೆಲ್ಲ ತಾನೇ ಹೆಸರಿಟ್ಟಿದ್ದಳು: ಹುಣಸೆ ಚಿಗುರು, ರಾಗಿ ಪೈರು, ಕೆರೆ ಪಾಚಿ, ಹಳೇ ಹೊಂಗೆ. ಅದಲ್ಲದೆ ಈ ನೇಯ್ಗೆಯನ್ನು ನೇಯುವುದು ಹಿಂಬದಿಯಿಂದ. ಮಗ್ಗದಿಂದ ಕತ್ತರಿಸಿ ಮಗುಚುವವರೆಗೆ ನೇಯ್ದವರಿಗೇ ಅದರ ಮುಖ ಕಾಣದು. ಮಗುಚಿದ ದಿನವೇ ಅದನ್ನು ಪ್ಯಾಕ್ ಮಾಡಿ ಕಳಿಸುತ್ತಿದ್ದರು.

ಜಯಳ ಕಣ್ಣಿನ ತೊಂದರೆ ನಮಗೆ ಗೊತ್ತಾದದ್ದು ಒಂದು ಸಂಜೆ, ಬಟವಾಡಿಯ ಸ್ಟಾಪಿನಲ್ಲಿ. ಬಸ್ಸಿಳಿದವಳು ಎದುರಿಗೇ ನಿಂತಿದ್ದ ನನ್ನನ್ನು ದಾಟಿಕೊಂಡು ಹೋಗಿ ಆಟೋಗೆ ಡಿಕ್ಕಿ ಹೊಡೆದಳು. ಮೊದಲು ನಮ್ಮ ಬೀದಿಯ ಕ್ಲಿನಿಕ್ಕು, ಆಮೇಲೆ ಬೆಂಗಳೂರಿನ ದೊಡ್ಡ ಡಾಕ್ಟರು. ಮೊದಲು ಮಬ್ಬಿನಲ್ಲಿ ಕಾಣುವುದಿಲ್ಲ, ಆಮೇಲೆ ಎರಡೂ ಬದಿಯಿಂದ ನೋಟ ಕಿರಿದಾಗುತ್ತ ಬರುತ್ತದೆ, ಕೊನೆಗೆ ಹಗಲೂ ಹೋಗುತ್ತದೆ ಎಂದರು ಅವರು. ಔಷಧ ಇಲ್ಲ ಎನ್ನುವುದನ್ನು ಮಾತ್ರ ಇಂಗ್ಲಿಷಿನಲ್ಲಿ ಹೇಳಿದರು, ನಾನೊಬ್ಬ ಕೇಳಿಸಿಕೊಂಡರೆ ಸಾಕು ಎನ್ನುವ ಹಾಗೆ. ಆದರೆ ಜಯಳಿಗೆ ಅಷ್ಟು ಇಂಗ್ಲಿಷ್ ಬರುತ್ತಿತ್ತು.

"ಶೆಡ್ಡಲ್ಲಿ ಯಾರ್ಗೂ ಹೇಳ್ಬ್ಯಾಡಿ," ಎಂದಳು ವಾಪಸ್ ಬರುವಾಗ. "ಹಗಲೊತ್ತು ನಂಗೆ ಚೆನ್ನಾಗೇ ಕಾಣ್ತದೆ. ಕೆಲ್ಸ ಬುಡಿಸ್ಬುಟ್ರೆ ಮನೇಲಿ ಕೂತು ಏನ್ಮಾಡ್ಲಿ?"

ಸ್ವಲ್ಪ ಹೊತ್ತಿನ ಮೇಲೆ ಅವಳೇ ಹೇಳಿದಳು: "ಕಣ್ಣು ಹೋಗೋದ್ರೊಳ್ಗೆ ಒಂದ್ಸಲ ಅಸ್ಲೀದ್ನ ನೋಡ್ಬುಡ್ಬೇಕು ಕಣ್ರೀ. ಇಷ್ಟ್ ವರ್ಷ ಅದ್ರ ಬೆನ್ನೇ ನೋಡಿದ್ದಾಯ್ತು."

ಕಂಪನಿಯವರು ಪ್ಯಾರಿಸ್ಸಿನ ಒಂದು ಮೇಳದಲ್ಲಿ ಮಗ್ಗ ಹೂಡಿ ತೋರಿಸಲು ಜಯ ಬರಬೇಕು, ಜೊತೆಗೆ ಇಂಗ್ಲಿಷ್ ಬಲ್ಲ ಒಬ್ಬರೂ ಬರಬಹುದು ಎಂದು ಹೇಳಿ ಕಳಿಸಿದಾಗ, ನಾನು ನನ್ನ ಜನ್ಮದಲ್ಲಿ ಮೊದಲ ಸಲ ದೇವರಿದ್ದಾನೆ ಎಂದುಕೊಂಡೆ. ಆತುರದ ತೀರ್ಮಾನ.

ಪ್ಯಾರಿಸ್

ವಿಮಾನದ ಬಗ್ಗೆ ಬರೆಯಲು ಏನೂ ಇಲ್ಲ. ಒಳಗೆ ದೀಪ ಆರಿಸಿದಾಗ ಜಯ ನನ್ನ ಅಂಗಿಯ ತೋಳನ್ನು ಹಿಡಿದವಳು ಮತ್ತೆ ದೀಪ ಹತ್ತುವವರೆಗೂ ಬಿಡಲಿಲ್ಲ.

ನಮ್ಮನ್ನು ಕರೆದೊಯ್ಯಲು ಬಂದವಳು ಕಂಪನಿಯ ಕ್ಲೇರ್ ಎಂಬ ಹುಡುಗಿ. ಬಾಚದ ಕೂದಲು, ಬಾಯ್ತುಂಬ ನಗು, ನನ್ನಷ್ಟೇ ತಡವರಿಸುವ ಇಂಗ್ಲಿಷ್. ಏರ್‌ಪೋರ್ಟಿನ ಓಡುವ ಮೆಟ್ಟಿಲಿನ ಅಂಚು ಕಾಣದೆ ಜಯ ಮುಗ್ಗರಿಸಿ ಬಿದ್ದಳು. ಕ್ಲೇರ್ ಗಾಬರಿಯಾದಳು. ಸೀರೆ ತೊಡರಿಕೊಂಡಿತು ಎಂದೆ ನಾನು. ಅಲ್ಲಿಂದ ಮುಂದೆ ಆ ದೇಶದಲ್ಲಿ ನಡೆದ ಎಲ್ಲ ಅನಾಹುತಗಳನ್ನೂ ಸೀರೆಯ ತಲೆಗೆ ಕಟ್ಟಿದೆವು. ಗಾಜಿನ ಬಾಗಿಲಿಗೆ ಹಣೆ ತಾಗಿದ್ದಕ್ಕೂ ಸೀರೆಯೇ ಕಾರಣವೆಂದಾಗ ಕ್ಲೇರ್ ನನ್ನ ಮುಖವನ್ನು ಒಂದು ಕ್ಷಣ ನೋಡಿದಳು.

ಅಲ್ಲಿಯ ಜನರ ಒಂದು ಪದ್ಧತಿ ನನಗೆ ಕೊನೆಯವರೆಗೂ ಒಗ್ಗಲಿಲ್ಲ. ಅಂಗಡಿಗೆ ಹೋದರೆ ಮೊದಲು ನಮಸ್ಕಾರ ಹೇಳಬೇಕು. ಹೇಳದೆ ಹಾಲು ಕೇಳಿದ್ದಕ್ಕೆ ಒಬ್ಬಳು ಮುದುಕಿ ನನ್ನನ್ನು ಕಳ್ಳನನ್ನು ನೋಡುವಂತೆ ನೋಡಿದಳು. ನಮ್ಮಲ್ಲಿ ಅಂಗಡಿಯವನಿಗೆ ಕೈಮುಗಿದರೆ ಮಗಳ ಮದುವೆಗೆ ಕರೆಯಲು ಬಂದಿದ್ದಾನೆ ಎಂದುಕೊಳ್ಳುತ್ತಾನೆ. ಇನ್ನು ಅವರ ಬ್ರೆಡ್ಡು. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಬೀದಿಯಲ್ಲಿ ನಡೆಯುತ್ತಾರೆ. ಜಯ ಅದನ್ನು ಕೈಯಲ್ಲಿ ಹಿಡಿದು, "ಇದ್ರಲ್ಲಿ ಹೊಡುದ್ರೆ ನಾಯಿ ಸಾಯ್ತದೆ," ಎಂದಳು. ಆ ನಾಯಿಗಳಾದರೂ ಎಂಥವು? ಹೋಟೆಲಿನ ಮೇಜಿನ ಕೆಳಗೆ ಕೂತು, ಯಾರನ್ನೂ ಬೊಗಳದೆ, ನಮ್ಮ ಸ್ಟಾಫ್ ರೂಮಿಗಿಂತ ಶಿಸ್ತಾಗಿದ್ದವು.

ಆ ಊರಿನಲ್ಲಿ ಒಂದೇ ಒಂದು ಸಂಗತಿ ಜಯಳನ್ನು ಹಿಗ್ಗಿಸಿತು. ಅದು ಅವರ ಬೇಸಿಗೆ. ರಾತ್ರಿಯೂಟ ಮುಗಿಸಿ ಹೊರಗೆ ಬಂದರೂ ಬಿಸಿಲು. ಮೊದಲ ದಿನ ಅವಳು ನನ್ನ ಗಡಿಯಾರವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು, ಆಮೇಲೆ ಆಕಾಶ ನೋಡಿದಳು.

"ಇಲ್ಲಿ ಸಂಜೇನೇ ಆಗಲ್ವೇನ್ರೀ?"

"ಬೇಸಿಗೇಲಿ ಹಂಗೇ ಕಣೇ ಇಲ್ಲಿ. ತುಂಬಾ ಹೊತ್ತು ಬೆಳಕಿರುತ್ತೆ."

"ಇಂಥಾ ಊರ್ನಾಗೆ ಹುಟ್ಟಿದ್ರೆ ನಂಗೆ ಕಾಯ್ಲೆ ಬಂದಿದ್ದೇ ಗೊತ್ತಾಯ್ತಿರ್ಲಿಲ್ಲ," ಎಂದು ನಕ್ಕಳು. ನನ್ನ ಕೈ ಹಿಡಿಯದೆ ನದಿಯ ದಂಡೆಯುದ್ದಕ್ಕೂ ಮುಂದೆ ಮುಂದೆ ನಡೆದಳು. ಎಷ್ಟೋ ಕಾಲದ ಮೇಲೆ ಅವಳು ಸಂಜೆ ಹೊತ್ತು ಒಬ್ಬಳೇ ನಡೆದದ್ದು. ನಾನು ಹಿಂದೆ ಹಿಂದೆ ನಡೆಯುತ್ತ, ಈ ಬೆಳಕಿನ ದೇಶದಲ್ಲಿ ಇವಳ ಆಸೆ ಈಡೇರದೆ ಇರಲು ಸಾಧ್ಯವೇ ಇಲ್ಲ ಎಂದುಕೊಂಡೆ. ಮನುಷ್ಯ ಎಷ್ಟು ಸುಲಭವಾಗಿ ಮೋಸಹೋಗುತ್ತಾನೆ ನೋಡಿ.

ಮೇಳದಲ್ಲಿ ಅವಳು ಗಾಜಿನ ಚಾವಣಿಯ ಕೆಳಗೆ ಕೂತು ನೇಯ್ದಳು. ಜನ ಸುತ್ತ ನಿಂತು ನೋಡಿದರು, ಫೋಟೋ ಹೊಡೆದುಕೊಂಡರು. ಬಣ್ಣದ ಉಂಡೆಗೆ ಕೈ ಹಾಕುವಾಗ ಅವಳು ಬುಟ್ಟಿಯ ಕಡೆ ನೋಡುತ್ತಿರಲಿಲ್ಲ. ಅಭ್ಯಾಸದ ಕೈಚಳಕ ಎಂದು ಕ್ಲೇರ್ ಮೆಚ್ಚಿಕೊಂಡಳು, ನಾನೂ ಹೆಮ್ಮೆಯಿಂದ ತಲೆಯಾಡಿಸಿದೆ.

ರೈಲಿನಲ್ಲಿ

ಮೇಳ ಮುಗಿದ ಮೇಲೆ ಅಸಲಿ ಟ್ಯಾಪೆಸ್ಟ್ರಿಗಳನ್ನು ತೋರಿಸುತ್ತೇನೆಂದು ಕ್ಲೇರ್ ನಮ್ಮನ್ನು ರೈಲು ಹತ್ತಿಸಿದಳು. ಹಳೆಯ ನೇಕಾರರ ಊರಂತೆ ಅದು. ಊರಿನ ಹೆಸರನ್ನು ನನ್ನ ನಾಲಿಗೆ ಇವತ್ತಿಗೂ ಒಪ್ಪಿಕೊಂಡಿಲ್ಲ, ಹಾಗಾಗಿ ಬರೆಯುವುದಿಲ್ಲ.

ರೈಲಿನಲ್ಲಿ ಯಾರೂ ಯಾರನ್ನೂ ಮಾತಾಡಿಸುವುದಿಲ್ಲ. ನಮ್ಮ ಕುಣಿಗಲ್ ಬಸ್ಸಿನಲ್ಲಾದರೆ ಸ್ಟ್ಯಾಂಡು ಬಿಡುವ ಮೊದಲೇ ಪಕ್ಕದವನಿಗೆ ನಮ್ಮ ಊರು, ಸಂಬಳ, ಮಕ್ಕಳಿಲ್ಲದ್ದು, ಅದಕ್ಕೆ ಯಾವ ದೇವರಿಗೆ ಹರಕೆ ಹೊತ್ತರೆ ಆಗುತ್ತದೆ ಎನ್ನುವುದೆಲ್ಲ ಇತ್ಯರ್ಥವಾಗಿರುತ್ತದೆ. ನನಗೆ ಆ ಗದ್ದಲ ಬೇಕೆನಿಸಿತು. ಮೌನದಲ್ಲಿ ಕೂತರೆ ಯೋಚನೆ ಬರುತ್ತದೆ.

ಹೊರಗೆ ಹೊಲ, ದನ, ಗುಡ್ಡ. ಜಯ ಹಣೆಯನ್ನು ಗಾಜಿಗೆ ಒತ್ತಿ ನೋಡುತ್ತಿದ್ದಳು. ಚಿಕ್ಕವಳಾಗಿದ್ದಾಗ ಗುಬ್ಬಿಯಲ್ಲಿ ನಾಟಕದ ಕಾಡಿನ ಪರದೆ ಇಳಿಯುವುದನ್ನು ನೋಡಲೆಂದೇ ಹೋಗುತ್ತಿದ್ದಳಂತೆ. ರಾಜ ರಾಣಿ ಯಾರು ಬಂದರು, ಏನು ಹಾಡಿದರು ಎನ್ನುವುದು ಅವಳಿಗೆ ಬೇಕಿರಲಿಲ್ಲ.

"ಪರದೆ ಮ್ಯಾಕೆ ಸುತ್ಕೊಂಡೋಗುವಾಗ ಅಳು ಬರ್ತಿತ್ತು ನಂಗೆ," ಎಂದಳು. "ಗೋಡೆ ಕಂಬ್ಳಿ ಹಂಗಲ್ಲ. ಒಂದ್ಸಲ ನೇತಾಕಿದ್ರೆ ಇದ್ದಂಗೇ ಇರ್ತದೆ. ಅದ್ರ ಮುಂದೆ ನಿಂತ್ಕೊಂಡು ಹಸ್ರುನ್ನೆಲ್ಲ ಕಣ್ಣಿಗೆ ತುಂಬ್ಕೊಂಡ್ಬಿಡ್ತೀನಿ. ಆಮೇಲೆ ಕಣ್ಣು ಹೋದ್ರೆ ಹೋಗ್ಲಿ ಅತ್ಲಾಗೆ."

ಅವಳು ಇಷ್ಟು ನಿರಾಳವಾಗಿ ಆ ಮಾತು ಹೇಳಿದ್ದು ಅದೇ ಮೊದಲು. ಬ್ಯಾಗಿನಿಂದ ಚಕ್ಕುಲಿ ತೆಗೆದು ಅವಳ ಕೈಗಿಟ್ಟೆ. ಬೇರೇನು ಕೊಡಬೇಕೋ ಗೊತ್ತಾಗಲಿಲ್ಲ.

ಮ್ಯೂಸಿಯಂ

ಹೊರಗೆ ಕಣ್ಣು ಕುಕ್ಕುವ ಬಿಸಿಲು. ಬಾಗಿಲು ದಾಟಿದೆವು, ಒಂದು ದಪ್ಪ ಪರದೆ ಸರಿಸಿದೆವು. ಒಳಗೆ ಕತ್ತಲೆ.

ಕರೆಂಟು ಹೋಗಿದೆ ಎಂದುಕೊಂಡೆ. ನಮ್ಮೂರಿನವನಿಗೆ ಮೊದಲು ಹೊಳೆಯುವುದು ಅದೇ. ಕಣ್ಣು ಹೊಂದಿಕೊಂಡ ಮೇಲೆ ಚಾವಣಿಯಲ್ಲಿ ಅಲ್ಲೊಂದು ಇಲ್ಲೊಂದು ಸಣ್ಣ ದೀಪ ಕಂಡವು. ಕರೆಂಟು ಇತ್ತು, ಬೇಕೆಂದೇ ಬೆಳಕನ್ನು ಅಷ್ಟು ಕಡಿಮೆ ಮಾಡಿದ್ದರು. ಗೋಡೆಗಳ ಮೇಲೆ ನೆಲದಿಂದ ಚಾವಣಿಯವರೆಗೆ ಆ ಕಾಡುಗಳು ತೂಗಾಡುತ್ತಿದ್ದವು. ನನಗೆ ಮರದ ಬೊಡ್ಡೆಗಳು, ಎಲೆಯ ರಾಶಿ, ಒಂದು ಹಕ್ಕಿಯ ಕತ್ತು ಮಸಕಾಗಿ ಕಾಣಿಸಿದವು.

ಜಯ ಪರದೆಯ ಹತ್ತಿರವೇ ನಿಂತುಬಿಟ್ಟಿದ್ದಳು.

"ಒಳಗೆ ಹೋಗಣ ನಡೀರಿ," ಎಂದಳು.

"ಒಳಗೇ ಇದ್ದೀವಿ ಕಣೇ."

ಅವಳು ನನ್ನ ಕೈಯನ್ನು ತಡಕಿ ಹಿಡಿದುಕೊಂಡಳು. ನಾನು ಕ್ಲೇರಳನ್ನು ದೀಪ ಹಾಕಿಸಲು ಕೇಳಿದೆ. ಅವಳು ಕಾವಲಿನ ಮುದುಕನನ್ನು ಕೇಳಿದಳು. ಆತ ವಿನಯದಿಂದಲೇ ತಲೆಯಲ್ಲಾಡಿಸಿದ. ಬೆಳಕು ಬಿದ್ದಷ್ಟೂ ಬಣ್ಣ ಸಾಯುತ್ತದಂತೆ. ಯಾರು ಬಂದರೂ, ಮಂತ್ರಿ ಬಂದರೂ, ಇಷ್ಟೇ ಬೆಳಕು.

ಇವಳಿಗೆ ಕಣ್ಣಿಲ್ಲವಮ್ಮಾ, ಇವತ್ತು ಬಿಟ್ಟರೆ ಇನ್ನಿಲ್ಲ, ಎಂದು ಹೇಳಿಬಿಡಲು ಬಾಯಿ ತೆರೆದೆ. ಜಯ ನನ್ನ ಮುಂಗೈಯನ್ನು ಉಗುರು ನಾಟುವಂತೆ ಒತ್ತಿದಳು. ಕ್ಲೇರ್ ಎಷ್ಟೇ ಒಳ್ಳೆಯವಳಾದರೂ ಕಂಪನಿಯವಳು. ಅವಳಿಗೆ ಹೇಳಿದರೆ ಹಿರೇಹಳ್ಳಿಗೆ ಹೇಳಿದ ಹಾಗೆ. ನಾನು ಬಾಯಿ ಮುಚ್ಚಿಕೊಂಡೆ. ಆ ಕ್ಷಣ ನನಗೆ ಬಂದ ಸಿಟ್ಟು ಯಾರ ಮೇಲೆ ಎಂದು ಇವತ್ತಿಗೂ ಗೊತ್ತಿಲ್ಲ.

ಆಮೇಲೆ ನಾನು ಮಾಡಿದ್ದನ್ನು ಆ ದೇಶದವರು ಯಾರೂ ಮಾಡುತ್ತಿರಲಿಲ್ಲ. ನಮ್ಮ ಕಡೆ ಕತ್ತಲೆಯಲ್ಲಿ ನಿಂತಿರುವವನು ಗರ್ಭಗುಡಿಯ ದೇವರು. ನೋಡಲು ಬಂದವರಿಗೆ ಅವನನ್ನು ಕಾಣಿಸಬೇಕೆಂದರೆ ಪೂಜಾರಿ ಆರತಿಯನ್ನು ಪಾದದಿಂದ ಮೊದಲುಮಾಡಿ ನಿಧಾನವಾಗಿ ಮುಖದವರೆಗೆ ಎತ್ತುತ್ತಾನೆ. ಅಮೂಲ್ಯವಾದದ್ದು ಕತ್ತಲಲ್ಲಿದ್ದರೆ ಬೆಳಕು ಹಿಡಿಯಬೇಕು ಎನ್ನುವುದು ನಮಗೆ ಯಾರೂ ಕಲಿಸದೆ ಬಂದ ಬುದ್ಧಿ. ಜಯ ಸಂಜೆ ಹೊತ್ತಿಗೆಂದು ಬ್ಯಾಗಿನಲ್ಲಿ ಯಾವಾಗಲೂ ಇಟ್ಟುಕೊಳ್ಳುತ್ತಿದ್ದ ಬ್ಯಾಟರಿಯನ್ನು ತೆಗೆದೆ. ಅವಳನ್ನು ಒಂದು ಕಾಡಿನ ಎದುರು ನಿಲ್ಲಿಸಿದೆ. ಬ್ಯಾಟರಿ ಒತ್ತಿ, ಹೊಳೆಯಿಂದ ಶುರುಮಾಡಿ, ಕೊಕ್ಕರೆ, ಬೊಡ್ಡೆ, ಕೊಂಬೆ ಎಂದು ಮೇಲೆ ಮೇಲೆ ಎತ್ತುತ್ತ ಹೋದೆ.

"ನೋಡು ಜಯ, ನೋಡು!"

"ಎಲ್ಲಿ? ಎಲ್ರೀ?" ಎಂದು ಅವಳು ಕತ್ತು ಅತ್ತ ಇತ್ತ ತಿರುಗಿಸಿದಳು.

ಅಷ್ಟರಲ್ಲಿ ಮುದುಕ ಓಡಿ ಬಂದ. ಬಯ್ಯಲಿಲ್ಲ, ಕಿರುಚಲಿಲ್ಲ. ಎಳೆಮಗುವಿನ ಮುಖದ ಮೇಲೆ ಬಿಸಿನೀರು ಬೀಳುವುದನ್ನು ತಡೆಯುವವನಂತೆ ಬ್ಯಾಟರಿಯ ಗಾಜಿಗೆ ತನ್ನ ಅಂಗೈಯನ್ನು ಅಡ್ಡ ಹಿಡಿದ. ಅವನ ಬೆರಳುಗಳು ಕೆಂಪಗೆ ಹೊಳೆದವು. ನಾನು ಆರಿಸಿದೆ.

ಜಯಳನ್ನು ಮೂಲೆಯ ಬೆಂಚಿನಲ್ಲಿ ಕೂರಿಸಿ ಕ್ಷಮೆ ಕೇಳಲು ಹೋದೆ. ಮುದುಕ ನನ್ನನ್ನು ಅದೇ ಕಾಡಿನ ಹತ್ತಿರ ಕರೆದೊಯ್ದು ತಗ್ಗಿದ ದನಿಯಲ್ಲಿ ಏನೋ ಹೇಳಿದ. ಕ್ಲೇರ್ ಅದನ್ನು ಇಂಗ್ಲಿಷಿಗೆ ತಿರುಗಿಸಿದಳು. ಆ ಕಾಲದಲ್ಲಿ ಉಣ್ಣೆಗೆ ಹಸಿರು ಹಿಡಿಸಬೇಕಾದರೆ ನೀಲಿಯಲ್ಲೊಮ್ಮೆ, ಹಳದಿಯಲ್ಲೊಮ್ಮೆ ಅದ್ದುತ್ತಿದ್ದರು. ಎಷ್ಟೋ ವರ್ಷ ಬಿಸಿಲು ಬರುವ ಕೋಣೆಗಳಲ್ಲಿ ತೂಗಿ, ಹಳದಿಯನ್ನು ಬೆಳಕು ತಿಂದುಹಾಕಿತು. ಉಳಿದದ್ದು ನೀಲಿ ಮಾತ್ರ.

ಬ್ಯಾಟರಿಯ ಬೆಳಕಿನಲ್ಲಿ ನಾನೂ ಅದನ್ನು ಕಂಡಿದ್ದೆ, ಅರ್ಥವಾಗಿರಲಿಲ್ಲ. ಆ ಕಾಡಿನಲ್ಲಿ ಒಂದು ಎಲೆಯೂ ಹಸಿರಾಗಿರಲಿಲ್ಲ. ಮರ, ಗಿಡ, ಬಳ್ಳಿ, ಹುಲ್ಲು, ಎಲ್ಲವೂ ವಿಷವೇರಿದವರ ತುಟಿಯಂತೆ ನೀಲಿ. ಅಕ್ಕಪಕ್ಕದ ಕಾಡುಗಳೂ ಅಷ್ಟೇ.

"ಏನಂತೆ?" ಎಂದು ಕೇಳಿದಳು ಜಯ, ನಾನು ಬೆಂಚಿಗೆ ಬಂದಾಗ.

"ಏನಿಲ್ಲ. ಬೆಳಕು ಬಿಡಬಾರದಂತೆ."

ಬಣ್ಣದ ವಿಷಯ ಹೇಳಲಿಲ್ಲ. ಹುಣಸೆ ಚಿಗುರು, ರಾಗಿ ಪೈರು ಎಂದು ಎಣಿಸಿಕೊಂಡು ಬಂದವಳಿಗೆ ಕತ್ತಲೆ ಸಾಲದೆಂದು ಇದನ್ನೂ ಯಾಕೆ ಹೇಳಲಿ? ಪಕ್ಕದಲ್ಲಿ ಕೂತೆ. ಬೇರೆ ಜನ ಬಂದರು, ನಿಂತು ನೋಡಿದರು, ಪಿಸುಗುಟ್ಟಿದರು, ಹೋದರು. ನನ್ನ ಜೀವಮಾನದಲ್ಲಿ ಅಷ್ಟು ಕೈಲಾಗದವನಾಗಿ ನಾನು ಎಲ್ಲೂ ಕೂತಿಲ್ಲ.

ವಾಪಸ್ ರೈಲು

ಹೊರಗೆ ಬಂದರೆ ಅದೇ ಬಿಸಿಲು, ಬೇಕಾದಷ್ಟು, ಬೀದಿಯ ಕಲ್ಲುಗಳ ಮೇಲೆ, ಕಸದ ಡಬ್ಬಿಯ ಮೇಲೆ. ನನಗೆ ಅದರ ಮೇಲೆ ಉಗಿಯಬೇಕೆನಿಸಿತು.

ರೈಲು ಹೊರಟು ಎಷ್ಟೋ ಹೊತ್ತಿನ ಮೇಲೆ ಜಯ ನನ್ನ ಮೊಣಕಾಲು ತಟ್ಟಿದಳು.

"ಯಾಕ್ರೀ ಮಕ ಊದಿಸ್ಕೊಂಡಿದ್ದೀರಾ? ನೋಡ್ದೆ ಬುಡಿ ನಾನು."

"ಏನ್ ನೋಡ್ದೆ?"

"ನೀವು ಬ್ಯಾಟ್ರಿ ಬುಟ್ರಲ್ಲ, ಆಗ. ಒಂದ್ ಗಳ್ಗೆ ಕಾಣ್ತು. ಅಷ್ಟೇ ಸಾಕು ನಂಗೆ."

"ನಿಜವಾಗ್ಲೂ?"

"ನಿಮ್ಮಾಣೆ."

ನನ್ನ ಮೇಲೆ ಆಣೆಯಿಟ್ಟ ಹೆಂಗಸು ಸುಳ್ಳು ಹೇಳುತ್ತಾಳೆಯೇ? ನಾನು ನಂಬಿದೆ. ನಂಬಲು ಕಾದು ಕೂತವನಂತೆ ನಂಬಿದೆ. ನೀಲಿಯನ್ನು ನೋಡಿಯೂ ಅವಳು ಆ ಮಾತೆತ್ತಲಿಲ್ಲವಲ್ಲ, ನನಗೆ ನೋವಾಗದಿರಲಿ ಎಂದೇ ಇರಬೇಕು ಎಂದು ನಾನೇ ಅದಕ್ಕೊಂದು ಕಾರಣ ಹೊಂದಿಸಿಕೊಂಡೆ. ಅಲ್ಲಿಂದ ಬೆಂಗಳೂರಿನವರೆಗೆ ಆ ಒಂದು ಗಳಿಗೆಯೇ ನನ್ನ ಪ್ರವಾಸದ ಗಳಿಕೆಯಾಗಿತ್ತು. ಒಂದು ಗಳಿಗೆಯಾದರೂ ಕಂಡಿತಲ್ಲ ಎಂದು ವಿಮಾನದಲ್ಲಿ ಒಳ್ಳೆಯ ನಿದ್ದೆಯನ್ನೂ ಮಾಡಿದೆ.

ಹಿರೇಹಳ್ಳಿ

ಬಂದ ವಾರದಲ್ಲೇ ಜಯ ಕೆಲಸಕ್ಕೆ ಹೊರಟಳು. ಶೆಡ್ಡಿನವರಿಗೆ ಕೊಡಲು ತಂದ ಚಾಕಲೇಟಿನ ಚೀಲ ಹೊತ್ತುಕೊಂಡು ನಾನೂ ಹೋದೆ. ಮಧ್ಯಾಹ್ನದ ಊಟದ ಹೊತ್ತು. ಹೆಂಗಸರು ಟಿಫನ್ ಡಬ್ಬಿ ಬಿಚ್ಚಿಕೊಂಡು ಸುತ್ತ ಕೂತರು. ಅವರಲ್ಲಿ ಹಿರಿಯಳು ಗಂಗಮ್ಮ. ಜಯಳಿಗೆ ಮಗ್ಗ ಕಲಿಸಿದವಳು ಅವಳೇ.

"ಹೇಳೇ ಜಯ, ಹೆಂಗೈತೆ ಅಸ್ಲಿ ಗೋಡೆ ಕಂಬ್ಳಿ? ನಾವ್ ನೇಯೋ ಹಂಗೇ ಐತಾ?" ಎಂದಳು ಗಂಗಮ್ಮ.

ಜಯ ನೆಟ್ಟಗೆ ಕೂತಳು. ಸೆರಗು ಸರಿಮಾಡಿಕೊಂಡು ಹೇಳತೊಡಗಿದಳು. ಗೋಡೆ ಎಷ್ಟು ಎತ್ತರ, ಹೊಳೆ ಎಲ್ಲಿ ತಿರುಗುತ್ತದೆ, ಕೊಕ್ಕರೆ ಯಾವ ಕಾಲೆತ್ತಿ ನಿಂತಿದೆ. ಎಲ್ಲವೂ ನಕ್ಷೆಯಲ್ಲಿ ಇದ್ದದ್ದೇ. ಆಮೇಲೆ ಎಲೆಗಳಿಗೆ ಬಂದಳು.

"ಎಲೆ ಅಂದ್ರೆ ಏನಂತ ಹೇಳ್ಲಿ ಗಂಗಕ್ಕ. ಹಸ್ರು ಅಂದ್ರೆ ಹಸ್ರು. ಮಳೆ ಬಂದ್ ಮಾರ್ನೆ ದಿನ ನಮ್ ಹೊಂಗೆ ಮರ ಇರ್ತದಲ್ಲ, ಹಂಗೆ. ಒಂದೊಂದ್ ಎಲೇನೂ ಒಂದೊಂದ್ ಹಸ್ರು. ಕಣ್ಣು ತಂಪಾಯ್ತು ಕಣಕ್ಕ."

ಚಾಕಲೇಟು ಹಂಚುತ್ತಿದ್ದ ನನ್ನ ಕೈ ನಿಂತಿತು. ಅವಳು ಏನನ್ನೂ ನೋಡಿರಲಿಲ್ಲ. ಒಂದು ಗಳಿಗೆಯನ್ನೂ ಇಲ್ಲ. ನನ್ನ ಮುಖ ನೋಡಲಾರದೆ ನನ್ನ ಮೇಲೇ ಆಣೆಯಿಟ್ಟಿದ್ದಳು. ನಾನು ಮಗ್ಗದ ಕಂಬ ಹಿಡಿದುಕೊಂಡೆ.

ಗಂಗಮ್ಮನಿಗೆ ನಂಬಿಕೆ ಬರಲಿಲ್ಲ. ನನ್ನ ಕಡೆ ತಿರುಗಿ, "ಹೌದಾ ಮೇಷ್ಟ್ರೇ? ಅಷ್ಟು ಹಳೇ ಕಂಬ್ಳಿ ಅಂತೀರಾ, ಇನ್ನೂ ಹಸ್ರಾಗೇ ಐತಾ?" ಎಂದಳು.

ಜಯ ಥಟ್ಟನೆ ಮಾತು ನಿಲ್ಲಿಸಿದಳು. ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದು, ನನ್ನ ಉತ್ತರಕ್ಕೆ ಎಲ್ಲರಿಗಿಂತ ಹೆಚ್ಚಾಗಿ ಕಿವಿಗೊಟ್ಟು ಕೂತಳು.

"ಹಸಿರಾಗೇ ಐತೆ ಗಂಗಮ್ಮ," ಎಂದೆ. "ಈಗ ಚಿಗುರಿದಂಗೆ."

ಜಯಳ ಭುಜ ಸಡಿಲವಾಯಿತು. ಮುಖದ ತುಂಬ ಸಮಾಧಾನ ಹರಡಿಕೊಂಡಿತು. ಆ ಎಲೆಗಳು ಹಸಿರಾಗಿವೆ ಎಂದು ಅವಳಿಗೆ ಗೊತ್ತಾದದ್ದು ಆವಾಗಲೇ, ನನ್ನ ಬಾಯಿಂದ.